ತಿಲಕರ ಮೊಕದ್ದಮೆಗಳೂ ಇಂಗ್ಲಿಷ್ ಶಬ್ದಗಳ ಅಭ್ಯಾಸವೂ

ಕಾಲೇಜಿನ ತರಗತಿಗಳಲ್ಲಿ ಇತಿಹಾಸವನ್ನು ಬೋಧಿಸುವ ನಮ್ಮಂಥವರಿಗೆ ಇಂಗ್ಲಿಷ್ ಭಾಷೆಯನ್ನು ಕಲಿಸುವ ಹೊಣೆ ನೇರವಾಗಿ ಸೇರಿದುದಲ್ಲ. ಆದರೂ ಆಧುನಿಕ ಭಾರತದ ಇತಿಹಾಸವನ್ನು ಹೇಳಹೊರಟವರು ಆ ಭಾಷೆಯ ನೂರಾರು ಶಬ್ದಗಳನ್ನು ಎದುರಿಸದೆ ಒಂದು ಅಧ್ಯಾಯವನ್ನೂ ಮುಗಿಸಲಾರರು. ಶಾಸನಸಭೆಯ ಕಾಯಿದೆಗಳು, ಸರಕಾರದ ವರದಿಗಳು, ನ್ಯಾಯಾಲಯದ ತೀರ್ಪುಗಳು ಬಹುಮಟ್ಟಿಗೆ ಆ ಭಾಷೆಯಲ್ಲಿಯೇ ಇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳು ಎಷ್ಟೇ ಬುದ್ಧಿವಂತರಾಗಿದ್ದರೂ ಈ ಆಧಾರಗಳ ಹೊಸ್ತಿಲಿನಲ್ಲಿಯೇ ನಿಂತುಬಿಡುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ.

ಹಿಂದೆ ನಾವೂ ಎಲ್ಲರಂತೆ ಪದಪಟ್ಟಿಗಳನ್ನು ಬರೆಯಿಸುತ್ತಿದ್ದೆವು. ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ಕನ್ನಡದ ಅರ್ಥ. ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಿದ್ದರು, ಪರೀಕ್ಷೆಯಾದ ಮೇಲೆ ಮರೆಯುತ್ತಿದ್ದರು. ಒಮ್ಮೆ ಉತ್ತರಪತ್ರಿಕೆಯೊಂದರಲ್ಲಿ '1908ರಲ್ಲಿ ತಿಲಕರಿಗೆ ಆರು ವರ್ಷಗಳ ಸಾರಿಗೆಯನ್ನು ವಿಧಿಸಲಾಯಿತು' ಎಂಬ ವಾಕ್ಯವನ್ನು ಕಂಡೆವು. ತರಗತಿಯಲ್ಲಿ ಅದನ್ನು ಓದಿ ಹೇಳಿದಾಗ ಎಲ್ಲರೂ ನಕ್ಕರು; ನಾವೂ ನಕ್ಕೆವು. ಬರೆದ ವಿದ್ಯಾರ್ಥಿ ಮಾತ್ರ ತಲೆ ತಗ್ಗಿಸಿ ಕುಳಿತಿದ್ದನು. ಆಮೇಲೆ ವಿಚಾರಿಸಿದಾಗ ತಪ್ಪು ಅವನದಲ್ಲವೆಂಬುದು ಗೊತ್ತಾಯಿತು. ರೈಲ್ವೆಯ ಅಧ್ಯಾಯಕ್ಕೆಂದು ನಾವೇ ಬರೆಯಿಸಿದ ಪಟ್ಟಿಯಲ್ಲಿ 'ಟ್ರಾನ್ಸ್‌ಪೋರ್ಟೇಷನ್' ಎಂಬುದಕ್ಕೆ 'ಸಾರಿಗೆ' ಎಂಬ ಅರ್ಥವಿದ್ದಿತು. ಅವನು ನಮ್ಮನ್ನು ನಂಬಿ ಬರೆದಿದ್ದನು.

ಅಂದಿನಿಂದ ನಾವು ಪಟ್ಟಿಯನ್ನು ಬಿಟ್ಟು ಕಥೆಯನ್ನು ಹಿಡಿದೆವು. ಲೋಕಮಾನ್ಯ ತಿಲಕರ ಮೇಲೆ ಮುಂಬಯಿಯಲ್ಲಿ ನಡೆದ ಮೊಕದ್ದಮೆಗಳನ್ನು ಹೇಳುತ್ತ, ಅವುಗಳ ಮೂಲಕವೇ ನ್ಯಾಯಾಲಯದ ಇಂಗ್ಲಿಷ್ ಶಬ್ದಗಳನ್ನು ಪರಿಚಯಿಸುವ ಕ್ರಮವಿದು. ಇದನ್ನು ಸಹೋದ್ಯೋಗಿಗಳ ಮುಂದಿಟ್ಟು, ಈ ಕಥೆಯೇ ಏಕೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊಕದ್ದಮೆಯ ಕಥೆ ಏಕೆ?

ಮೊಕದ್ದಮೆಗೆ ಸಹಜವಾದ ಒಂದು ಕ್ರಮವುಂಟು. ಮೊದಲು ಬಂಧನ, ಅನಂತರ ಜಾಮೀನಿನ ಅರ್ಜಿ, ಆರೋಪ, ಸಾಕ್ಷ್ಯ, ಪಾಟೀಸವಾಲು, ತೀರ್ಮಾನ, ಶಿಕ್ಷೆ, ಮೇಲ್ಮನವಿ. ಒಂದು ಹೆಜ್ಜೆಗೆ ಒಂದೊಂದು ಶಬ್ದ ಬರುತ್ತದೆ. ಪ್ರತಿಯೊಂದು ಶಬ್ದದ ಹಿಂದೆಯೂ ಅದನ್ನು ಆಡಿದ ಒಬ್ಬನು, ಅದಕ್ಕೆ ಗುರಿಯಾದ ಇನ್ನೊಬ್ಬನು ಇರುತ್ತಾನೆ. ಅನ್ಯಾಯವಾಯಿತೆಂದು ತೋರಿದ ಮೊಕದ್ದಮೆಯಾದರೆ ಕೇಳುವವರ ಮನಸ್ಸು ತಾನಾಗಿಯೇ ಎಚ್ಚರಗೊಳ್ಳುತ್ತದೆ. ಎಲ್ಲಿ ತಪ್ಪಾಯಿತು ಎಂಬ ಪ್ರಶ್ನೆ ಹುಟ್ಟಿದೊಡನೆ ಶಬ್ದಗಳನ್ನು ಸೂಕ್ಷ್ಮವಾಗಿ ನೋಡಲೇಬೇಕಾಗುತ್ತದೆ.

ತಿಲಕರ ಮೊಕದ್ದಮೆಗಳಲ್ಲಿ ಇದಕ್ಕಿಂತ ಹೆಚ್ಚಿನದೊಂದು ವಿಶೇಷವಿದೆ. ಅಲ್ಲಿ ಪ್ರಶ್ನೆಗೊಳಗಾದುದು ಒಂದು ಇಂಗ್ಲಿಷ್ ಶಬ್ದದ ಅರ್ಥವೇ. ಭಾರತೀಯ ದಂಡಸಂಹಿತೆಗೆ 1870ರಲ್ಲಿ ಸೇರಿಸಿದ 124-ಎ ಸೆಕ್ಷನ್ನಿನ ಪ್ರಕಾರ ಸರಕಾರದ ವಿರುದ್ಧ 'ಡಿಸ್‌ಅಫೆಕ್ಷನ್' ಎಂಬ ಭಾವನೆಯನ್ನು ಕೆರಳಿಸುವುದು ಅಪರಾಧ. ಆ ಶಬ್ದಕ್ಕೆ ಏನರ್ಥ? ಉತ್ತರ ಹೇಗಿದ್ದರೆ ಪತ್ರಿಕೆಯ ಸಂಪಾದಕನು ಮನೆಗೆ ಹೋಗುತ್ತಾನೆ, ಹೇಗಿದ್ದರೆ ಸೆರೆಮನೆಗೆ ಹೋಗುತ್ತಾನೆ ಎಂಬುದೇ ಈ ಕಥೆಯ ತಿರುಳು.

1897ರ ಮೊಕದ್ದಮೆ

1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದ್ದಿತು. ರೋಗನಿವಾರಣೆಯ ಹೆಸರಿನಲ್ಲಿ ಸೈನಿಕರು ಮನೆಗಳನ್ನು ಹೊಕ್ಕು ಶೋಧಿಸಿದ ರೀತಿಯಿಂದ ಜನ ಕ್ಷೋಭೆಗೊಂಡಿದ್ದರು. ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಅಯರ್ಸ್ಟ್ ಅವರ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. ಅದಕ್ಕೆ ಒಂದು ವಾರ ಮೊದಲು, ಜೂನ್ 15ರ 'ಕೇಸರಿ'ಯಲ್ಲಿ ಶಿವಾಜಿ ಉತ್ಸವದ ವರದಿಯೂ ಶಿವಾಜಿಯ ಬಾಯಲ್ಲಿ ಹೇಳಿಸಿದ ಪದ್ಯಗಳೂ ಪ್ರಕಟವಾಗಿದ್ದವು. ಕೊಲೆಗೂ ತಿಲಕರಿಗೂ ಸಂಬಂಧವನ್ನು ಕಲ್ಪಿಸುವ ಆರೋಪವನ್ನು ಸರಕಾರ ಹೊರಿಸಲಿಲ್ಲ. ಬರಹಕ್ಕಾಗಿ ಜುಲೈ 27ರಂದು ಅವರನ್ನು ಬಂಧಿಸಿತು.

ಇಲ್ಲಿಂದ ಶಬ್ದಗಳ ಅಭ್ಯಾಸ ಆರಂಭವಾಗುತ್ತದೆ. ಮೊದಲನೆಯದು 'ಬೇಲ್', ಅಂದರೆ ಜಾಮೀನು. ಆಗಸ್ಟ್ 4ರಂದು ನ್ಯಾಯಮೂರ್ತಿ ಬದ್ರುದ್ದೀನ್ ತ್ಯಾಬ್ಜಿಯವರು ತಿಲಕರಿಗೆ ಜಾಮೀನು ನೀಡಿದರು. ಆ ಅರ್ಜಿಯನ್ನು ತಿಲಕರ ಪರವಾಗಿ ವಾದಿಸಿದ ಬ್ಯಾರಿಸ್ಟರರು ದಿನ್‌ಶಾ ದಾವರ್. ಈ ಹೆಸರನ್ನು ನೆನಪಿನಲ್ಲಿಡುವಂತೆ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಮುಂದೆ ಅದು ಮತ್ತೆ ಬರುತ್ತದೆ.

ಎರಡನೆಯ ಶಬ್ದ 'ಚಾರ್ಜ್'. ಆಪಾದಿತನ ಮೇಲೆ ಹೊರಿಸುವ ಆರೋಪವೂ 'ಚಾರ್ಜ್'. ವಿಚಾರಣೆಯ ಕೊನೆಯಲ್ಲಿ ನ್ಯಾಯಾಧೀಶನು ಜ್ಯೂರಿಗೆ ಕಾನೂನನ್ನು ವಿವರಿಸಿ ಮಾಡುವ ಉಪದೇಶವೂ 'ಚಾರ್ಜ್'. ಮೂರನೆಯದು 'ಜ್ಯೂರಿ'. ಕ್ರಿಮಿನಲ್ ವಿಚಾರಣೆಗಳಲ್ಲಿ ಜ್ಯೂರಿಗೆ 1973ರ ದಂಡ ಪ್ರಕ್ರಿಯಾ ಸಂಹಿತೆಯು ಸ್ಥಾನ ಕೊಡದೆ ಹೋದುದರಿಂದ ಇಂದಿನ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ: ಕಾನೂನನ್ನು ಹೇಳುವವನು ನ್ಯಾಯಾಧೀಶ, ಆ ಕಾನೂನಿನಂತೆ ಈ ಮನುಷ್ಯ ತಪ್ಪಿತಸ್ಥನೇ ಅಲ್ಲವೇ ಎಂದು ತೀರ್ಮಾನಿಸುವವರು ಊರಿನ ಗೃಹಸ್ಥರಿಂದ ಆರಿಸಿದ ಜ್ಯೂರಿ. ಆ ತೀರ್ಮಾನದ ಹೆಸರು 'ವರ್ಡಿಕ್ಟ್'. ಲ್ಯಾಟಿನ್ ಮೂಲದಲ್ಲಿ 'ಸತ್ಯವಾಗಿ ನುಡಿದುದು' ಎಂದು ಅದರ ಅರ್ಥ.

ತಿಲಕರ ಜ್ಯೂರಿಯಲ್ಲಿದ್ದವರು ಒಂಬತ್ತು ಮಂದಿ: ಆರು ಯುರೋಪಿಯನ್ನರು, ಮೂವರು ಭಾರತೀಯರು. ಸೆಪ್ಟೆಂಬರ್ 14ರಂದು ಬಂದ 'ವರ್ಡಿಕ್ಟ್' ಕೂಡ ಹಾಗೆಯೇ ಒಡೆಯಿತು: ಆರು ಮಂದಿ ತಪ್ಪಿತಸ್ಥರೆಂದರು, ಮೂವರು ಅಲ್ಲವೆಂದರು. ತಿಲಕರಿಗೆ ಹದಿನೆಂಟು ತಿಂಗಳ ಕಠಿಣ ಸೆರೆವಾಸವಾಯಿತು. 'ಸತ್ಯವಾಗಿ ನುಡಿದುದು' ಜನಾಂಗದ ಗೆರೆಯ ಮೇಲೆ ಎರಡಾಗಿ ಸೀಳಿದ ಈ ಪ್ರಸಂಗವನ್ನು ಕೇಳಿದ ವಿದ್ಯಾರ್ಥಿ ಆ ಶಬ್ದವನ್ನು ಮರೆಯುವುದಿಲ್ಲ.

ಒಂದು ಉಪಸರ್ಗದ ತೂಕ

ಜ್ಯೂರಿಗೆ ಕಾನೂನನ್ನು ವಿವರಿಸಿದವರು ನ್ಯಾಯಮೂರ್ತಿ ಸ್ಟ್ರೇಚಿ. 'ಡಿಸ್‌ಅಫೆಕ್ಷನ್' ಎಂದರೆ 'ಅಫೆಕ್ಷನ್' ಇಲ್ಲದಿರುವುದು, ಅಷ್ಟೇ, ಎಂದು ಅವರು ಹೇಳಿದರು. ದ್ವೇಷ, ವೈರ, ತಿರಸ್ಕಾರ ಮೊದಲಾದ ಎಲ್ಲ ಬಗೆಯ ದುರ್ಭಾವನೆಗಳೂ ಅದರಲ್ಲಿ ಸೇರುತ್ತವೆ. ಅವುಗಳ ಪ್ರಮಾಣ ಹೆಚ್ಚೇ ಕಡಮೆಯೇ ಎಂಬುದು ಮುಖ್ಯವಲ್ಲ ಎಂದೂ ವಿವರಿಸಿದರು.

ಆದರೆ ಇದೇ ಶಬ್ದಕ್ಕೆ ಬೇರೆ ನ್ಯಾಯಾಧೀಶರು ಬೇರೆ ಅರ್ಥವನ್ನು ಹೇಳಿದ್ದರು. 1891ರಲ್ಲಿ ಕಲಕತ್ತೆಯ 'ಬಂಗಬಾಸಿ' ಪತ್ರಿಕೆಯ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಪೆಥೆರಾಮ್ ಅವರು 'ಅಫೆಕ್ಷನ್'ಗೆ ವಿರುದ್ಧವಾದ ಭಾವನೆ, ಅಂದರೆ ಅಸಹನೆ ಅಥವಾ ದ್ವೇಷ, 'ಡಿಸ್‌ಅಫೆಕ್ಷನ್' ಎನಿಸಿಕೊಳ್ಳುತ್ತದೆ ಎಂದಿದ್ದರು. 'ಡಿಸ್‌ಅಪ್ರೊಬೇಷನ್' ಎಂಬುದು ಕೇವಲ ಒಪ್ಪದಿರುವುದು, ಅದು ಬೇರೆ ಎಂದೂ ಭೇದವನ್ನು ತೋರಿಸಿದ್ದರು. ಇನ್ನು 1897ರಲ್ಲಿಯೇ, ಸಾತಾರೆಯ 'ಪ್ರತೋದ' ಪತ್ರಿಕೆಯ ಮೇಲ್ಮನವಿ ಮುಂಬಯಿ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದಿತು. ಅವರಲ್ಲೊಬ್ಬರಾದ ಪಾರ್ಸನ್ಸ್ ಅವರು ಈ ಶಬ್ದಕ್ಕೆ ರಾಜಕೀಯ ನಿಷ್ಠೆ ತಪ್ಪುವುದು ಎಂಬ ವಿಶೇಷಾರ್ಥವನ್ನು ಹೇಳಿದರು. ಇನ್ನೊಬ್ಬರಾದ ಮಹಾದೇವ ಗೋವಿಂದ ರಾನಡೆಯವರು ಅದು ಪ್ರೀತಿಯ ಬರಿಯ ಅಭಾವವಲ್ಲ, ನಿಷ್ಠಾದ್ರೋಹಕ್ಕೆ ಸಮೀಪವಾದ ತೀವ್ರ ವಿಮುಖತೆ ಎಂದರು.

ಸಂಸ್ಕೃತ ವ್ಯಾಕರಣವನ್ನು ಸ್ವಲ್ಪ ಬಲ್ಲ ವಿದ್ಯಾರ್ಥಿಗೆ ಇದು ಹೊಸ ಸಮಸ್ಯೆಯಲ್ಲ. ಶಬ್ದದ ಮೊದಲಲ್ಲಿ ಬರುವ ನಿಷೇಧಾರ್ಥಕ 'ಅ'ಕಾರಕ್ಕೆ ನಮ್ಮ ವೈಯಾಕರಣರು ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತ್ವ, ಅಪ್ರಾಶಸ್ತ್ಯ, ವಿರೋಧ ಎಂದು ಆರು ಅರ್ಥಗಳನ್ನು ಎಣಿಸಿದ್ದಾರೆ. 'ಅಭಯ'ದಲ್ಲಿರುವುದು ಭಯದ ಅಭಾವ. 'ಅಧರ್ಮ'ದಲ್ಲಿರುವುದು ಧರ್ಮಕ್ಕೆ ವಿರೋಧ. 'ಅಮಿತ್ರ'ನೆಂದರೆ ಮಿತ್ರನಲ್ಲದ ದಾರಿಹೋಕನಲ್ಲ, ಶತ್ರು. ಇಂಗ್ಲಿಷಿನ 'ಡಿಸ್' ಎಂಬ ಉಪಸರ್ಗಕ್ಕೂ ಇಂತಹ ಹಲವು ಮುಖಗಳಿವೆ. ಸ್ಟ್ರೇಚಿಯವರು ಅಭಾವವನ್ನು ಹಿಡಿದರು, ಪೆಥೆರಾಮರು ವಿರೋಧವನ್ನು ಹಿಡಿದರು. ಮೊದಲನೆಯವರ ಅರ್ಥವನ್ನು ಕನ್ನಡದಲ್ಲಿ 'ಅಪ್ರೀತಿ' ಎನ್ನಬೇಕು. ಎರಡನೆಯವರದನ್ನು 'ದ್ವೇಷ' ಎನ್ನಬೇಕು. ಪಾರ್ಸನ್ಸರದನ್ನು 'ನಿಷ್ಠಾಭಂಗ' ಎನ್ನಬೇಕು. ಮೂರೂ ಒಂದೇ ಇಂಗ್ಲಿಷ್ ಶಬ್ದದ ಅನುವಾದಗಳೇ. ಆದರೆ ಪರಕೀಯ ಸರಕಾರವನ್ನು ಪ್ರೀತಿಸದಿರುವುದೇ ಅಪರಾಧವಾದರೆ ದೇಶದಲ್ಲಿ ನಿರಪರಾಧಿಗಳು ಎಷ್ಟು ಮಂದಿ ಉಳಿಯುತ್ತಿದ್ದರು?

ಮೇಲ್ಮನವಿಗೆ ಅನುಮತಿ ಬೇಡಿ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮುಂದೆ ತಿಲಕರ ಪರವಾಗಿ ವಾದಿಸಿದವರು, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆಸ್ಕ್ವಿತ್. ಅನುಮತಿ ದೊರೆಯಲಿಲ್ಲ. 1898ರಲ್ಲಿ ಸರಕಾರ ಸೆಕ್ಷನ್ನನ್ನೇ ತಿದ್ದಿ, ನಿಷ್ಠೆಗೇಡಿತನವೂ ಎಲ್ಲ ಬಗೆಯ ವೈರಭಾವನೆಗಳೂ 'ಡಿಸ್‌ಅಫೆಕ್ಷನ್'ನಲ್ಲಿ ಸೇರುತ್ತವೆ ಎಂಬ ವಿವರಣೆಯನ್ನು ಕೂಡಿಸಿತು.

1908: ಭಾಷಾಂತರದ ಪ್ರಶ್ನೆ

1908ರ ಏಪ್ರಿಲ್ 30ರಂದು ಮುಜಫ್ಫರಪುರದಲ್ಲಿ ಎಸೆದ ಬಾಂಬಿನಿಂದ ಇಬ್ಬರು ಯುರೋಪಿಯನ್ ಮಹಿಳೆಯರು ಮೃತರಾದರು. ಆ ಘಟನೆಯ ಕಾರಣಗಳನ್ನು ವಿವೇಚಿಸಿ, ದಮನದಿಂದ ಇದು ನಿಲ್ಲದೆಂದು 'ಕೇಸರಿ'ಯಲ್ಲಿ ಬಂದ ಲೇಖನಗಳಿಗಾಗಿ ತಿಲಕರನ್ನು ಜೂನ್ 24ರಂದು ಮತ್ತೆ ಬಂಧಿಸಲಾಯಿತು. ಈ ಸಲ ಅವರಿಗಾಗಿ ಜಾಮೀನನ್ನು ಕೇಳಿದವರು ಮಹಮದಲಿ ಜಿನ್ನಾ. ನಿರಾಕರಿಸಿದವರು ನ್ಯಾಯಮೂರ್ತಿ ದಾವರ್: ಹನ್ನೊಂದು ವರ್ಷಗಳ ಹಿಂದೆ ಇದೇ ತಿಲಕರಿಗೆ ಜಾಮೀನು ಸಿಗಬೇಕೆಂದು ವಾದಿಸಿ ಗೆದ್ದ ಅದೇ ದಿನ್‌ಶಾ ದಾವರ್. ತರಗತಿಯಲ್ಲಿ ಈ ಹಂತಕ್ಕೆ ಬಂದಾಗ ಒಂದು ಕ್ಷಣ ಮೌನ ಕವಿಯುವುದನ್ನು ನಾವು ಪ್ರತಿ ಸಲವೂ ಕಂಡಿದ್ದೇವೆ.

ಸರಕಾರದ ಕಡೆಯವರು 'ಸ್ಪೆಷಲ್ ಜ್ಯೂರಿ' ಬೇಕೆಂದು ಕೇಳಿದರು. ಹಾಗಾದರೆ ಜ್ಯೂರಿಯಲ್ಲಿ ಮರಾಠಿಯನ್ನರಿಯದ ಯುರೋಪಿಯನ್ನರೇ ಹೆಚ್ಚಾಗುವರೆಂದು ತಿಲಕರ ಪರವಾಗಿ ಜೋಸೆಫ್ ಬಾಪ್ಟಿಸ್ಟಾ ಆಕ್ಷೇಪಿಸಿದರು. ಆಕ್ಷೇಪಣೆ ನಿಲ್ಲಲಿಲ್ಲ. ಏಳು ಮಂದಿ ಯುರೋಪಿಯನ್ನರೂ ಇಬ್ಬರು ಪಾರ್ಸಿಗಳೂ ಜ್ಯೂರಿಯಲ್ಲಿ ಕುಳಿತರು. ತಿಲಕರು ಬರೆದುದು ಮರಾಠಿಯಲ್ಲಿ, ಮರಾಠಿಗರಿಗಾಗಿ. ತೀರ್ಮಾನವಾದುದು ಸರಕಾರದ ಇಂಗ್ಲಿಷ್ ಭಾಷಾಂತರದ ಮೇಲೆ. ತಮ್ಮ ಪರವಾಗಿ ತಾವೇ ವಾದಿಸಿದ ತಿಲಕರು ಭಾಷಾಂತರಕಾರರನ್ನು ಪಾಟೀಸವಾಲಿಗೆ ಗುರಿಪಡಿಸಿ, ಮೂಲದ ಶಬ್ದಗಳ ಛಾಯೆ ಕೆಟ್ಟಿದೆಯೆಂದು ತೋರಿಸಲೆತ್ನಿಸಿದರು. ಇಂಗ್ಲಿಷಿನ ರಾಜಕೀಯ ಕಲ್ಪನೆಗಳಿಗೆ ಮರಾಠಿಯಲ್ಲಿ ಶಬ್ದಗಳು ಇನ್ನೂ ರೂಪುಗೊಳ್ಳುತ್ತಿವೆ, ಹಳೆಯ ನಿಘಂಟಿನಿಂದ ಅವುಗಳನ್ನು ಅಳೆಯಬಾರದು ಎಂಬುದು ಅವರ ವಾದದ ಒಂದು ಭಾಗ. ಹಲವು ದಿನಗಳಲ್ಲಿ ಹರಡಿದ ಅವರ ಭಾಷಣ ಒಟ್ಟು ಇಪ್ಪತ್ತೊಂದು ಗಂಟೆಗಳಿಗೂ ಮೀರಿ ನಡೆಯಿತು.

ಜುಲೈ 22ರ ರಾತ್ರಿ ಏಳು ಮಂದಿ ತಪ್ಪಿತಸ್ಥರೆಂದರು, ಇಬ್ಬರು ಅಲ್ಲವೆಂದರು. ಈ ತೀರ್ಮಾನ 'ಕನ್ವಿಕ್ಷನ್'. ತಾನು ನಂಬಿದ ಸತ್ಯದಲ್ಲಿ ಮನುಷ್ಯನಿಗಿರುವ ದೃಢವಿಶ್ವಾಸಕ್ಕೂ ಇಂಗ್ಲಿಷಿನಲ್ಲಿ 'ಕನ್ವಿಕ್ಷನ್' ಎಂದೇ ಹೆಸರು. ಜ್ಯೂರಿ ಏನೆಂದರೂ ತಾನು ನಿರಪರಾಧಿಯೆಂದು ತಿಲಕರು ಅಲ್ಲಿಯೇ ನಿಂತು ಹೇಳಿದಾಗ ಒಂದೇ ಶಬ್ದದ ಎರಡು ಅರ್ಥಗಳು ಆ ನ್ಯಾಯಾಲಯದಲ್ಲಿ ಎದುರುಬದುರಾದವು. ಅವರು ಆಡಿದ ಮಾತುಗಳನ್ನು ಕೆತ್ತಿದ ಶಿಲಾಫಲಕವನ್ನು ಅದೇ ಹೈಕೋರ್ಟಿನಲ್ಲಿ 1956ರಲ್ಲಿ ಸ್ಥಾಪಿಸಲಾಯಿತು.

ಅನಂತರ ಬಂದುದು 'ಸೆಂಟೆನ್ಸ್'. ವ್ಯಾಕರಣದ ಪುಸ್ತಕದಲ್ಲಿ ಅದು ವಾಕ್ಯ, ನ್ಯಾಯಾಲಯದಲ್ಲಿ ಅದು ಶಿಕ್ಷೆ. ತಿಲಕರಿಗಾದ 'ಸೆಂಟೆನ್ಸ್' ಆರು ವರ್ಷಗಳ 'ಟ್ರಾನ್ಸ್‌ಪೋರ್ಟೇಷನ್', ಮೇಲೆ ಒಂದು ಸಾವಿರ ರೂಪಾಯಿ ದಂಡ. ನಮ್ಮ ವಿದ್ಯಾರ್ಥಿ ಎಡವಿದ ಶಬ್ದವಿದು: ಸಾರಿಗೆಯಲ್ಲ, ಕಡಲಾಚೆಗೆ ಸಾಗಿಸಿ ಇಡುವ ದೇಶಾಂತರಶಿಕ್ಷೆ. ಸ್ವತಂತ್ರ ಭಾರತವು 1955ರ ತಿದ್ದುಪಡಿಯಿಂದ ಈ ಶಿಕ್ಷೆಯನ್ನು ದಂಡಸಂಹಿತೆಯಿಂದ ತೆಗೆದುಹಾಕಿತು. ತಿಲಕರ ವಿಷಯದಲ್ಲಿ ಸರಕಾರ ಅದನ್ನು ಸಾದಾ ಸೆರೆವಾಸಕ್ಕೆ ಇಳಿಸಿ ಅವರನ್ನು ಬರ್ಮಾದ ಮಂಡಾಲೆಯಲ್ಲಿಟ್ಟಿತು. ಹೀಗೆ ಶಿಕ್ಷೆಯನ್ನು ಹಗುರವಾದುದಕ್ಕೆ ಬದಲಿಸುವುದು 'ಕಮ್ಯೂಟ್'. 'ಗೀತಾರಹಸ್ಯ'ವನ್ನು ಅಲ್ಲಿಯೇ ಬರೆದು, 1914ರಲ್ಲಿ ಅವರು ಹಿಂದಿರುಗಿದರು.

ಕಾನೂನು, ನ್ಯಾಯ, ನ್ಯಾಯಬುದ್ಧಿ

ಈ ಹಂತದಲ್ಲಿ ನಾವು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆಯನ್ನು ಹಾಕುತ್ತೇವೆ: ಈ ಮೊಕದ್ದಮೆಗಳಲ್ಲಿ ಕಾನೂನನ್ನು ಮುರಿದವರು ಯಾರು? ಬಂಧನಕ್ಕೆ ಅಧಿಕಾರವಿತ್ತು, ಆರೋಪವನ್ನು ಓದಿ ಹೇಳಲಾಗಿತ್ತು, ಜ್ಯೂರಿ ಇತ್ತು, ಪಾಟೀಸವಾಲಿಗೆ ಅವಕಾಶವಿತ್ತು, ಇಪ್ಪತ್ತೊಂದು ಗಂಟೆ ಮಾತನಾಡಲು ಬಿಟ್ಟಿದ್ದರು. ಕ್ರಮಗಳೆಲ್ಲ ಅಚ್ಚುಕಟ್ಟಾಗಿ ನಡೆದುವು. ಹಾಗಾದರೆ ಅನ್ಯಾಯವೆಲ್ಲಿ?

ಕನ್ನಡದ 'ಅನ್ಯಾಯ' ಎಂಬ ಮಾತು ಬಹಳ ವಿಶಾಲವಾದುದು. ಇಂಗ್ಲಿಷಿನಲ್ಲಿ ಇಲ್ಲಿ ಮೂರು ಶಬ್ದಗಳಿವೆ. ಕಾಯಿದೆಗೆ ವಿರುದ್ಧವಾದುದು 'ಇಲ್ಲೀಗಲ್'. ಧರ್ಮಕ್ಕೆ ವಿರುದ್ಧವಾದುದು 'ಅನ್‌ಜಸ್ಟ್'. ಇಬ್ಬರನ್ನು ಸಮನಾಗಿ ಕಾಣದಿರುವುದು 'ಅನ್‌ಫೇರ್'. ತಿಲಕರ ಮೊಕದ್ದಮೆ ಮೊದಲನೆಯದಲ್ಲ. ಕಾನೂನಿನ ಚೌಕಟ್ಟಿನಲ್ಲಿಯೇ ಅದು ನಡೆಯಿತು. ಪರಕೀಯ ಸರಕಾರ ತನ್ನ ಮೇಲಿನ ಅಪ್ರೀತಿಯನ್ನು ತಾನೇ ಅಪರಾಧವೆಂದು ಕರೆದುದು ಎರಡನೆಯದು. ಆಪಾದಿತನ ಭಾಷೆಯನ್ನರಿಯದವರ ಬಹುಮತವನ್ನು ಜ್ಯೂರಿಯಲ್ಲಿ ಕೂರಿಸಿದುದು ಮೂರನೆಯದು. ಈ ಮೂರನ್ನು ಬೇರ್ಪಡಿಸಿ ಹೇಳಬಲ್ಲ ವಿದ್ಯಾರ್ಥಿ ಇತಿಹಾಸವನ್ನೂ ಅರಿತಂತಾಯಿತು, ಇಂಗ್ಲಿಷನ್ನೂ ಕಲಿತಂತಾಯಿತು.

ಬೆಳಗಾವಿಯ ಭಾಷಣ

ಕಥೆಯ ಒಂದು ಎಳೆ ನಮ್ಮ ನಾಡಿಗೂ ತಾಗಿದೆ. 1916ರ ಮೇ 1ರಂದು ತಿಲಕರು ಬೆಳಗಾವಿಯಲ್ಲಿ, ಆ ತಿಂಗಳ ಕೊನೆಯಲ್ಲಿ ಅಹಮದನಗರದಲ್ಲಿ ಸ್ವರಾಜ್ಯವನ್ನು ಕುರಿತು ಭಾಷಣ ಮಾಡಿದರು. ಸರಕಾರ ಈ ಸಲ ಸೆರೆಮನೆಯನ್ನು ಕೇಳಲಿಲ್ಲ. ಒಂದು ವರ್ಷದ ಸನ್ನಡತೆಗೆ ಇಪ್ಪತ್ತು ಸಾವಿರ ರೂಪಾಯಿಗಳ 'ಬಾಂಡ್', ಅಂದರೆ ಮುಚ್ಚಳಿಕೆ, ಮತ್ತು ಹತ್ತು ಹತ್ತು ಸಾವಿರದ ಇಬ್ಬರು 'ಶ್ಯೂರಿಟಿ'ಗಳು, ಅಂದರೆ ಜಾಮೀನುದಾರರು ಬೇಕೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಿದರು. ಹೈಕೋರ್ಟಿನಲ್ಲಿ ಜಿನ್ನಾ ಅವರು ವಾದಿಸಿದರು. ಬಿಡಿ ವಾಕ್ಯಗಳನ್ನು ಹಿಡಿಯದೆ ಭಾಷಣವನ್ನು ಒಟ್ಟಾಗಿ ನೋಡಬೇಕೆಂದು ಪರಿಗಣಿಸಿದ ನ್ಯಾಯಾಲಯವು ನವೆಂಬರ್ 9ರಂದು ಆ ಆಜ್ಞೆಯನ್ನು ರದ್ದುಪಡಿಸಿತು. ಪದಾಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರ ಯಾವುದು? ಶಬ್ದದ ಅರ್ಥ ವಾಕ್ಯದಲ್ಲಿದೆ, ವಾಕ್ಯದ ಅರ್ಥ ಇಡೀ ಭಾಷಣದಲ್ಲಿದೆ.

1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಇದೇ ಸೆಕ್ಷನ್ನಿನಡಿ ಗಾಂಧೀಜಿಯವರ ವಿಚಾರಣೆಯಾದಾಗ ಅವರು ಅಪರಾಧವನ್ನು ಒಪ್ಪಿಕೊಂಡರು. ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲಾಗದು ಎಂಬರ್ಥದ ಅವರ ಮಾತು ಸ್ಟ್ರೇಚಿಯವರ ಅರ್ಥವಿವರಣೆಗೆ ಇಪ್ಪತ್ತೈದು ವರ್ಷಗಳ ಬಳಿಕ ದೊರೆತ ಉತ್ತರದಂತಿದೆ. ಸ್ವಾತಂತ್ರ್ಯದ ಅನಂತರವೂ ಸೆಕ್ಷನ್ ಉಳಿಯಿತು. ಹಿಂಸೆಗೆ ಪ್ರಚೋದಿಸುವ ಅಥವಾ ಸಾರ್ವಜನಿಕ ಶಾಂತಿಯನ್ನು ಕೆಡಿಸುವ ಪ್ರವೃತ್ತಿಯುಳ್ಳ ಮಾತಿಗೆ ಮಾತ್ರ ಅದು ಅನ್ವಯಿಸುತ್ತದೆಂದು 1962ರಲ್ಲಿ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮಿತಿ ಹಾಕಿತು. 2022ರ ಮೇ 11ರಂದು ಅದರ ಬಳಕೆಯನ್ನು ತಡೆಹಿಡಿಯಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಹಳೆಯ ದಂಡಸಂಹಿತೆ ಕೊನೆಗೊಂಡಿತು. ಹೊಸ ಸಂಹಿತೆಯ 152ನೆಯ ಸೆಕ್ಷನ್ನಿನಲ್ಲಿ 'ಡಿಸ್‌ಅಫೆಕ್ಷನ್' ಎಂಬ ಶಬ್ದವಿಲ್ಲ, ಬೇರೆ ಶಬ್ದಗಳಿವೆ. ಅವುಗಳ ಅರ್ಥವನ್ನು ಎಚ್ಚರದಿಂದ ಓದುವ ಕೆಲಸ ಇಂದಿನ ವಿದ್ಯಾರ್ಥಿಗಳದು.

ತರಗತಿಯಲ್ಲಿ ನಮ್ಮ ಕ್ರಮ

ನಾವು ಅನುಸರಿಸುವ ವಿಧಾನ ಸರಳವಾದುದು. ಮೊದಲ ದಿನ ಕಥೆಯನ್ನು ಕನ್ನಡದಲ್ಲಿ ಪೂರ್ತಿಯಾಗಿ ಹೇಳುತ್ತೇವೆ. ಇಂಗ್ಲಿಷ್ ಶಬ್ದ ಬಂದಲ್ಲಿ ಅದನ್ನು ಕರಿಹಲಗೆಯ ಮೇಲೆ ಬರೆಯುತ್ತೇವೆ, ಅರ್ಥವನ್ನು ಬರೆಯುವುದಿಲ್ಲ. ಎರಡನೆಯ ದಿನ ವಿದ್ಯಾರ್ಥಿಗಳೇ ಕಥೆಯಿಂದ ಅರ್ಥವನ್ನು ಊಹಿಸಿ ಹೇಳಬೇಕು. ನಿಘಂಟನ್ನು ತೆರೆಯುವುದು ಅದಾದ ಮೇಲೆ. ಮೂರನೆಯ ದಿನ ಒಬ್ಬರು ಆಪಾದಿತರಾಗಿ, ಒಬ್ಬರು ಭಾಷಾಂತರಕಾರರಾಗಿ, ಒಬ್ಬರು ಜ್ಯೂರಿಯವರಾಗಿ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕು. ವ್ಯಾಕರಣದ ತಪ್ಪುಗಳನ್ನು ಆಗ ತಡೆದು ತಿದ್ದುವುದಿಲ್ಲ. ಕೊನೆಗೆ ಕನ್ನಡದ ಒಂದು ಪುಟವನ್ನು ಕೊಟ್ಟು, ಮೂಲದವನಿಗೆ ಅನ್ಯಾಯವಾಗದಂತೆ ಇಂಗ್ಲಿಷಿಗೆ ತರಬೇಕೆಂದು ಕೇಳುತ್ತೇವೆ. ಎಲ್ಲಕ್ಕಿಂತ ಕಷ್ಟವಾದ ಅಭ್ಯಾಸ ಇದೇ.

ಈ ಕ್ರಮದಲ್ಲಿ ಕಲಿಯುವ ಶಬ್ದಗಳ ಸಂಖ್ಯೆ ಕಡಮೆ ಎಂಬ ಆಕ್ಷೇಪ ಬರಬಹುದು. ಪಟ್ಟಿಯಲ್ಲಿ ಇನ್ನೂರು ಶಬ್ದಗಳು ಸಿಗುವ ಅವಧಿಯಲ್ಲಿ ಇಲ್ಲಿ ದೊರೆಯುವುದು ಇಪ್ಪತ್ತು, ನಿಜ. ಆದರೆ ಆ ಇಪ್ಪತ್ತನ್ನು ವಿದ್ಯಾರ್ಥಿ ಬಳಸಬಲ್ಲನು. ಬೇರೊಬ್ಬರು ತಪ್ಪಾಗಿ ಬಳಸಿದಾಗ ಪ್ರಶ್ನಿಸಬಲ್ಲನು. ಇಂದಿನ ಪತ್ರಿಕೆಗಳಲ್ಲಿ 'ಸೆಡಿಷನ್' ಎಂಬುದನ್ನು ಒಮ್ಮೆ ರಾಜದ್ರೋಹವೆಂದೂ ಒಮ್ಮೆ ದೇಶದ್ರೋಹವೆಂದೂ ಬರೆಯುವುದನ್ನು ಕಾಣುತ್ತೇವೆ. ಹಳೆಯ ಸೆಕ್ಷನ್ನು ಹೇಳುತ್ತಿದ್ದುದು ಸರಕಾರದ ವಿಷಯವನ್ನು. ಸರಕಾರ ಬೇರೆ, ದೇಶ ಬೇರೆ. ತಿಲಕರ ಕಥೆಯನ್ನು ಕೇಳಿದವರು ಈ ಎರಡನ್ನು ಒಂದಾಗಿಸಲಾರರು.

ಮೊದಲಲ್ಲಿ ಹೇಳಿದ ವಿದ್ಯಾರ್ಥಿಯು ಮರುವರ್ಷ ಇದೇ ಪಾಠವನ್ನು ನಮ್ಮಿಂದ ಈ ಕ್ರಮದಲ್ಲಿ ಕೇಳಿದನು. ಮುಗಿದ ಮೇಲೆ ಎದ್ದು ನಿಂತು, 'ಮರಾಠಿ ಬಾರದವರು ಓದಿದ್ದು ತಿಲಕರ ಮಾತನ್ನೋ ಭಾಷಾಂತರಕಾರರ ಮಾತನ್ನೋ, ಸಾರ್?' ಎಂದು ಕೇಳಿದನು. ಅವನ ಪ್ರಶ್ನೆಗೆ ನಾವು ಅಂದು ಉತ್ತರ ಹೇಳಲಿಲ್ಲ. ಅದನ್ನೇ ತರಗತಿಗೆಲ್ಲ ಅಭ್ಯಾಸವಾಗಿ ಕೊಟ್ಟೆವು. ಹಿಂದಿನ ವರ್ಷ ಅವನನ್ನು ನೋಡಿ ನಕ್ಕಿದ್ದ ಋಣ ಇಷ್ಟರಿಂದ ತೀರಿತೆಂದು ನಾವು ಹೇಳಲಾರೆವು. ಆದರೆ ಪರಭಾಷೆಯ ಶಬ್ದವನ್ನು ಪೂರ್ಣವಾಗಿ ಅರಿಯುವುದು ಅಲಂಕಾರಕ್ಕಲ್ಲ, ಆತ್ಮರಕ್ಷಣೆಗೆ ಎಂಬುದನ್ನು ಅವನಿಂದಲೇ ನಾವು ಕಲಿತೆವು.